ಹಂಚಿನ ಪ್ಲೆಬ್ಸ್ಟ್ ಅಯ್ಯನವರು

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳ ಮಳೆಯನ್ನು ತಡೆಯುವ ಕೆಂಪು ಮಂಗಳೂರು ಹಂಚನ್ನು ಅರಿಯದವರು ನಮ್ಮಲ್ಲಿಲ್ಲ. ಆದರೆ ಅದನ್ನು ಮೊದಲು ಮಾಡಿಸಿದ ಜಾರ್ಜ್ ಪ್ಲೆಬ್ಸ್ಟ್ ಅಯ್ಯನವರನ್ನು ನೆನೆಯುವವರು ಕೆಲವರೇ.

ಜರ್ಮನಿ ದೇಶದವರಾದ ಇವರು ಬಾಸೆಲ್ ಮಿಶನಿನ ಮಂಗಳೂರು ಅಚ್ಚುಕೂಟಕ್ಕೆ ಬಂದು ಕನ್ನಡದ ಅಚ್ಚುಮೊಳೆಗಳನ್ನು ಉತ್ತಮಪಡಿಸಿದರು. ಆ ಕಾಲದಲ್ಲಿ ದೀಕ್ಷಾಸ್ನಾನ ಹೊಂದಿದ ಅನೇಕರು ಕುಲವನ್ನೂ ಕುಲದ ಕಸುಬನ್ನೂ ಕಳಕೊಂಡು ಹೊಟ್ಟೆಗೆ ದಾರಿಕಾಣದೆ ಇದ್ದರು. ದಾನದ ಅನ್ನವು ಅವರಿಗೂ ಸಭೆಗೂ ಹಿತವಲ್ಲವಷ್ಟೆ. ಆದದರಿಂದ ಅಯ್ಯನವರು ಗುರುಪುರ, ನೇತ್ರಾವತಿ ಹೊಳೆಗಳ ದಡದ ಜೇಡಿಮಣ್ಣನ್ನು ಆರಿಸಿ, ೧೮೬೫ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು.

ಆ ಕೆಲಸವೇ ಒಂದು ಪಾಠಶಾಲೆಯೆಂದು ನಾವು ಹೇಳುವೆವು. ಹಸಿಮಣ್ಣು ಒಣಗುವಾಗಲೂ ಬೇಯುವಾಗಲೂ ಕುಗ್ಗುತ್ತದೆ. ದೇವರು ಮಣ್ಣಿನಲ್ಲಿಟ್ಟ ಈ ಕ್ರಮವನ್ನು ಪ್ರಾರ್ಥನೆಯಿಂದ ಮಾರ್ಪಡಿಸಲಾಗದು. ಅಳೆದು, ಲೆಕ್ಕ ಹಾಕಿ, ಅಚ್ಚನ್ನು ಅಷ್ಟು ದೊಡ್ಡದಾಗಿ ಮಾಡಬೇಕು. ಲೆಕ್ಕ ತಪ್ಪಿದರೆ ಅಂಚುಗಳು ಒಂದಕ್ಕೊಂದು ಕೂಡವು, ಮನೆ ಸೋರುವದು. ಬೆಂಕಿ ಸಾಲದಿದ್ದರೆ ಹಂಚು ನೀರು ಹೀರುವದು, ಮಿತಿಮೀರಿದರೆ ಸೊಟ್ಟಗಾಗುವದು. ಇದನ್ನು ಕೈಯಿಂದ ಕಲಿತ ವಿಶ್ವಾಸಿಗಳು ತಮ್ಮ ಕೂಲಿಯಿಂದಲೇ ಮಕ್ಕಳನ್ನು ಸಾಕಿದರು. ಆ ಹಂಚು ಮುಂದೆ ಘಟ್ಟವನ್ನು ಹತ್ತಿ ಬಂದು ನಮ್ಮ ಎಷ್ಟೋ ಮನೆಗಳ ಹುಲ್ಲಿನ ಮಾಡನ್ನು ಇಳಿಸಿತು.