ಹಿಮದ ಹರಳುಗಳನ್ನು ಹಿಡಿದಿಟ್ಟ ರೈತ: ವಿಲ್ಸನ್ ಬೆಂಟ್ಲಿ

ಎರಡು ಹಿಮದ ಹರಳುಗಳು ಒಂದೇ ತರಹ ಇರುವುದಿಲ್ಲ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಈ ಮಾತು ಜಗತ್ತಿನ ತುಂಬ ಹರಡಲು ಕಾರಣನಾದವನು ದೊಡ್ಡ ವಿಶ್ವವಿದ್ಯಾಲಯದ ವಿಜ್ಞಾನಿಯಲ್ಲ. ಹಸು ಸಾಕಿ, ಹಾಲು ಕರೆದು ಜೀವನ ನಡೆಸುತ್ತಿದ್ದ ಒಬ್ಬ ರೈತ. ಅವನ ಹೆಸರು ವಿಲ್ಸನ್ ಆಲ್ವಿನ್ ಬೆಂಟ್ಲಿ.

ಬೆಂಟ್ಲಿ ಹುಟ್ಟಿದ್ದು 1865ರ ಫೆಬ್ರವರಿ 9ರಂದು, ಅಮೆರಿಕದ ವರ್ಮಾಂಟ್ ರಾಜ್ಯದ ಜೆರಿಕೋ ಎಂಬ ಊರಿನಲ್ಲಿ. ಬೆಟ್ಟಗಳ ನಡುವಿನ ಈ ಊರಿನಲ್ಲಿ ಚಳಿಗಾಲ ಬಂತೆಂದರೆ ತಿಂಗಳುಗಟ್ಟಲೆ ಹಿಮ ಸುರಿಯುತ್ತದೆ. ಅವನ ತಾಯಿ ಮೊದಲು ಶಾಲಾ ಶಿಕ್ಷಕಿಯಾಗಿದ್ದವರು. ಹದಿನಾಲ್ಕು ವರ್ಷದವರೆಗೂ ಮಗನಿಗೆ ಮನೆಯಲ್ಲೇ ಪಾಠ ಹೇಳಿದರು. ಹದಿನೈದನೇ ವಯಸ್ಸಿನಲ್ಲಿ ತಾಯಿಯಿಂದ ಅವನಿಗೆ ಒಂದು ಹಳೆಯ ಸೂಕ್ಷ್ಮದರ್ಶಕ ಸಿಕ್ಕಿತು. ಬೇರೆ ಹುಡುಗರು ಹಿಮದ ಉಂಡೆ ಕಟ್ಟಿ ಎಸೆದಾಡುತ್ತಿದ್ದಾಗ ಇವನು ಅದೇ ಹಿಮದ ಒಂದೊಂದು ಹರಳನ್ನು ಕಣ್ಣಿಗೆ ಹಿಡಿದು ನೋಡತೊಡಗಿದ.

ಅವನು ಕಂಡದ್ದು ಆರು ಮೂಲೆಗಳ, ಆರು ಕವಲುಗಳ ಅದ್ಭುತ ವಿನ್ಯಾಸ. ಅದನ್ನು ಕಾಗದದ ಮೇಲೆ ಬರೆದಿಡಲು ನೂರಾರು ಬಾರಿ ಪ್ರಯತ್ನಿಸಿದ. ಆದರೆ ಚಿತ್ರ ಮುಗಿಯುವ ಮೊದಲೇ ಹರಳು ಕರಗಿ ಹೋಗುತ್ತಿತ್ತು. ಹೀಗಾಗಿ ಅವನಿಗೆ ಕ್ಯಾಮೆರಾ ಬೇಕಾಯಿತು. ಆ ಕಾಲದಲ್ಲಿ ಕ್ಯಾಮೆರಾ ಮತ್ತು ಒಳ್ಳೆಯ ಸೂಕ್ಷ್ಮದರ್ಶಕ ಎರಡೂ ಸೇರಿ ಸುಮಾರು 100 ಡಾಲರ್. ರೈತ ಕುಟುಂಬಕ್ಕೆ ಅದು ಬಹಳ ದೊಡ್ಡ ಮೊತ್ತ. ಇದೆಲ್ಲ ಕೆಲಸಕ್ಕೆ ಬಾರದ ಹುಚ್ಚು ಎಂದು ತಂದೆಗೆ ಅನಿಸಿತ್ತು. ಆದರೂ ತಾಯಿಯ ಒತ್ತಾಸೆಯಿಂದ ಹಣ ಹೊಂದಿತು.

ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಕ್ಯಾಮೆರಾಕ್ಕೆ ಸೂಕ್ಷ್ಮದರ್ಶಕವನ್ನು ಜೋಡಿಸಿ ಚಿತ್ರ ತೆಗೆಯುವುದನ್ನು ಕಲಿಸಿಕೊಡುವವರು ಊರಲ್ಲಿ ಯಾರೂ ಇರಲಿಲ್ಲ. ಸೋತು ಸೋತು ತಾನೇ ಕಲಿತ. ಕೊನೆಗೆ 1885ರ ಜನವರಿ 15ರಂದು ಹಿಮಹರಳಿನ ಸ್ಪಷ್ಟವಾದ ಚಿತ್ರ ಗಾಜಿನ ಫಲಕದ ಮೇಲೆ ಮೂಡಿತು. ಆಗ ಅವನಿಗೆ ಇಪ್ಪತ್ತು ತುಂಬಲು ಇನ್ನೂ ಕೆಲವು ವಾರಗಳಿದ್ದವು.

ಅವನ ವಿಧಾನ ನೋಡಿದರೆ ತಾಳ್ಮೆ ಎಂದರೇನು ಎಂಬುದು ಅರ್ಥವಾಗುತ್ತದೆ. ಕೆಲಸವೆಲ್ಲ ಬೆಂಕಿ ಹಾಕದ, ಹೊರಗಿನಷ್ಟೇ ತಣ್ಣಗಿರುವ ಶೆಡ್‌ನಲ್ಲಿ. ಕಪ್ಪು ಹಲಗೆಯನ್ನು ಹೊರಗೆ ಹಿಡಿದು ಬೀಳುವ ಹರಳುಗಳನ್ನು ಸಂಗ್ರಹಿಸುತ್ತಿದ್ದ. ಚೆನ್ನಾಗಿರುವುದನ್ನು ಆರಿಸಿ ಸಣ್ಣ ಕಡ್ಡಿಯಿಂದ ಎತ್ತಿ ಗಾಜಿನ ಪಟ್ಟಿಯ ಮೇಲಿಡುತ್ತಿದ್ದ. ಹಕ್ಕಿಯ ಗರಿಯಿಂದ ಮೃದುವಾಗಿ ಒತ್ತಿ ಸಮ ಮಾಡುತ್ತಿದ್ದ. ತನ್ನ ಬಾಯಿಯ ಬಿಸಿ ಉಸಿರು ತಾಗಿದರೆ ಹರಳು ಕರಗುತ್ತದೆಂದು ಉಸಿರು ಬಿಗಿ ಹಿಡಿಯುತ್ತಿದ್ದ. ಹರಳಿನ ಹಿಂದಿನಿಂದ ಬರುವ ಹಗಲಿನ ಬೆಳಕಿನಲ್ಲಿ ಚಿತ್ರ ತೆಗೆಯುತ್ತಿದ್ದ. ಒಂದೊಂದು ಚಿತ್ರಕ್ಕೆ ಕೆಲವೊಮ್ಮೆ ಒಂದು ನಿಮಿಷಕ್ಕೂ ಹೆಚ್ಚು ಕಾಲ ಬೆಳಕು ಬಿಡಬೇಕಾಗುತ್ತಿತ್ತು.

ಚಿತ್ರ ತೆಗೆದ ಮೇಲೆ ಇನ್ನೊಂದು ಕೆಲಸ. ಬಿಳಿ ಹಿನ್ನೆಲೆಯಲ್ಲಿ ಬಿಳಿ ಹರಳು ಎದ್ದು ಕಾಣುವುದಿಲ್ಲ. ಆದ್ದರಿಂದ ನೆಗೆಟಿವ್‌ನಲ್ಲಿ ಹರಳಿನ ಸುತ್ತ ಇರುವ ಕಪ್ಪು ಲೇಪವನ್ನು ಚೂಪಾದ ಚಾಕುವಿನಿಂದ ಕೆರೆದು ತೆಗೆಯುತ್ತಿದ್ದ. ಆಗ ಅಚ್ಚಾದ ಚಿತ್ರದಲ್ಲಿ ಹಿನ್ನೆಲೆ ಕಪ್ಪಾಗಿ, ಹರಳು ಹೊಳೆಯುತ್ತಿತ್ತು. ಇದಕ್ಕೆ ಗಂಟೆಗಟ್ಟಲೆ ಸಮಯ ಹಿಡಿಯುತ್ತಿತ್ತು.

ಇದೇ ವಿಷಯಕ್ಕೆ ಅವನ ಮೇಲೆ ಆರೋಪ ಬಂತು. ಗುಸ್ತಾವ್ ಹೆಲ್ಮಾನ್ ಎಂಬ ಜರ್ಮನಿಯ ಹವಾಮಾನ ವಿಜ್ಞಾನಿ, ಬೆಂಟ್ಲಿ ಹರಳುಗಳ ಅಂಚನ್ನೇ ತಿದ್ದಿ ಅಂದಗೊಳಿಸಿದ್ದಾನೆ ಎಂದು ಸಂಶಯಪಟ್ಟರು. ತಾನು ತೆಗೆದದ್ದು ಹಿನ್ನೆಲೆಯನ್ನು ಮಾತ್ರ ಎಂಬುದು ಬೆಂಟ್ಲಿಯ ಸಮರ್ಥನೆ. ಆಕಾಶದಿಂದ ಬೀಳುವ ಹರಳುಗಳಲ್ಲಿ ಹೆಚ್ಚಿನವು ಮುರಿದವು, ಅಂಕುಡೊಂಕಾದವು. ಬೆಂಟ್ಲಿ ಅವುಗಳಲ್ಲಿ ಅತಿ ಸುಂದರವಾದವುಗಳನ್ನೇ ಆರಿಸುತ್ತಿದ್ದ. ಆದ್ದರಿಂದ ಅವನ ಚಿತ್ರಗಳು ಸುಳ್ಳಲ್ಲ, ಆದರೆ ಹಿಮದ ಪೂರ್ಣ ಚಿತ್ರಣವೂ ಅಲ್ಲ. ಒಂದು ಬೆರಳಿನಲ್ಲಿ ಫೋಟೋದ ಬಣ್ಣ ಬದಲಿಸಬಲ್ಲ ನಮ್ಮ ಕಾಲದಲ್ಲಿ ಈ ವ್ಯತ್ಯಾಸವನ್ನು ನಾವು ಇನ್ನೂ ಚೆನ್ನಾಗಿ ತಿಳಿದಿರಬೇಕು.

ಊರಿನವರಿಗೆ ಬೆಂಟ್ಲಿ ಒಬ್ಬ ವಿಚಿತ್ರ ಮನುಷ್ಯ. ಸುಮಾರು ಹದಿಮೂರು ವರ್ಷ ಅವನ ಕೆಲಸ ಹೊರಗಿನ ಲೋಕಕ್ಕೆ ತಿಳಿಯಲೇ ಇಲ್ಲ. ವರ್ಮಾಂಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜಾರ್ಜ್ ಪರ್ಕಿನ್ಸ್ ಪ್ರೋತ್ಸಾಹಿಸಿದ ಮೇಲೆ 1898ರಲ್ಲಿ ಮೊದಲ ಲೇಖನ ಪ್ರಕಟವಾಯಿತು. ನಂತರ ಶಾಲೆ ಕಾಲೇಜುಗಳಿಗೆ ತನ್ನ ಚಿತ್ರಗಳನ್ನು ಕೇವಲ ಐದು ಸೆಂಟ್‌ಗೆ ಒಂದರಂತೆ ಮಾರಿದ. ಲಾಭ ಅವನ ಗುರಿಯಾಗಿರಲಿಲ್ಲ. ಖರ್ಚು ಮಾಡಿದ್ದೇ ಹೆಚ್ಚು, ಗಳಿಸಿದ್ದು ಕಡಿಮೆ.

ಇಬ್ಬನಿ, ಮಂಜು ಕಟ್ಟಿದ ಕಿಟಕಿ ಗಾಜು, ಮೋಡಗಳು, ಹನಿ ಪೋಣಿಸಿದ ಜೇಡರ ಬಲೆ ಇವುಗಳ ಚಿತ್ರಗಳನ್ನೂ ಅವನು ತೆಗೆದ. ಮಳೆಹನಿಯ ಗಾತ್ರ ಅಳೆಯಲು ಅವನು ಕಂಡುಕೊಂಡ ಉಪಾಯವಂತೂ ತುಂಬ ಸರಳ. ತಟ್ಟೆಯಲ್ಲಿ ಜರಡಿ ಹಿಡಿದ ಹಿಟ್ಟು ಹರಡಿ ಕೆಲವು ಸೆಕೆಂಡು ಮಳೆಗೆ ಹಿಡಿಯುವುದು. ಪ್ರತಿ ಹನಿಯೂ ಹಿಟ್ಟಿನಲ್ಲಿ ಒಂದು ಉಂಡೆಯಾಗುತ್ತದೆ. ಒಣಗಿದ ಮೇಲೆ ಅದನ್ನು ಅಳೆಯುವುದು. ದೊಡ್ಡ ಹನಿಗಳು ಸುಮಾರು 6 ಮಿಲಿಮೀಟರ್ ಎಂದು ಅವನು ಕಂಡುಕೊಂಡ. 1904ರಲ್ಲಿ ಇದು ಪ್ರಕಟವಾಯಿತು.

ಬದುಕಿನುದ್ದಕ್ಕೂ ಬೆಂಟ್ಲಿ 5000ಕ್ಕೂ ಹೆಚ್ಚು ಹಿಮಹರಳುಗಳ ಚಿತ್ರ ತೆಗೆದ. ಅವುಗಳಲ್ಲಿ 2400ಕ್ಕೂ ಹೆಚ್ಚು ಚಿತ್ರಗಳ ಪುಸ್ತಕ 1931ರಲ್ಲಿ, ಹವಾಮಾನ ಇಲಾಖೆಯ ಭೌತವಿಜ್ಞಾನಿ ವಿಲಿಯಂ ಹಂಫ್ರೀಸ್ ಅವರ ಜೊತೆಗೂಡಿ ಹೊರಬಂತು. ಅದೇ ವರ್ಷ ಹಿಮಗಾಳಿಯಲ್ಲಿ ಮೈಲಿಗಟ್ಟಲೆ ನಡೆದು ಮನೆಗೆ ಬಂದ ಬೆಂಟ್ಲಿ ನ್ಯುಮೋನಿಯಾಕ್ಕೆ ತುತ್ತಾಗಿ ಡಿಸೆಂಬರ್ 23ರಂದು ತೀರಿಕೊಂಡ.

ಕೆಲಸ ಮಾತ್ರ ನಿಲ್ಲಲಿಲ್ಲ. ಆ ಪುಸ್ತಕದಿಂದ ಸ್ಫೂರ್ತಿ ಪಡೆದ ಜಪಾನಿನ ವಿಜ್ಞಾನಿ ಉಕಿಚಿರೊ ನಕಾಯಾ 1936ರಲ್ಲಿ ಪ್ರಯೋಗಾಲಯದಲ್ಲೇ ಹಿಮಹರಳು ಬೆಳೆಸಿದರು. ಉಷ್ಣತೆ ಮತ್ತು ತೇವಾಂಶ ಬದಲಾದಂತೆ ಹರಳಿನ ಆಕಾರವೂ ಬದಲಾಗುತ್ತದೆ ಎಂದು ತೋರಿಸಿದರು. ಮೋಡದಿಂದ ನೆಲಕ್ಕೆ ಬರುವ ದಾರಿಯಲ್ಲಿ ಪ್ರತಿ ಹರಳೂ ಬೇರೆ ಬೇರೆ ಗಾಳಿಯನ್ನು ಹಾದು ಬರುವುದರಿಂದಲೇ ಅವು ಒಂದರಂತೆ ಒಂದಿರುವುದಿಲ್ಲ.

ಗೆಳೆಯರೇ, ಬೆಂಟ್ಲಿಗೆ ಪದವಿ ಇರಲಿಲ್ಲ, ಪ್ರಯೋಗಾಲಯವೂ ಇರಲಿಲ್ಲ. ಮನೆಯಂಗಳಕ್ಕೆ ಬೀಳುತ್ತಿದ್ದ ಹಿಮವೇ ಅವನ ಪಾಠವಾಯಿತು. ನಮ್ಮಲ್ಲಿ ಹಿಮ ಬೀಳುವುದಿಲ್ಲ, ಆದರೆ ಮಳೆಗೆ ಬರವಿಲ್ಲ. ಈ ಬಾರಿಯ ಮಳೆಗಾಲದಲ್ಲಿ ಒಂದು ತಟ್ಟೆ ಹಿಟ್ಟು, ಒಂದು ಅಳತೆಪಟ್ಟಿ ಇದ್ದರೆ ಅವನ ಪ್ರಯೋಗವನ್ನು ನಾವೂ ಮಾಡಿ ನೋಡಬಹುದು.