ಹೆಗಲು ಮುಟ್ಟಿಕೊಂಡವರೆಲ್ಲ ಕಳ್ಳರಲ್ಲ: ಜಾನ್ ಲಾರ್ಸನ್ (1892–1965)

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ಕೇಳುತ್ತಲೇ ಬೆಳೆದವರು ನಾವು. ಮನಸ್ಸು ಮುಚ್ಚಿಟ್ಟದ್ದನ್ನು ಮೈ ಬಿಟ್ಟುಕೊಡುತ್ತದೆ ಎಂಬ ಇದೇ ನಂಬಿಕೆಯನ್ನು ಯಂತ್ರಕ್ಕೆ ಇಳಿಸಿದವರು ಜಾನ್ ಅಗಸ್ಟಸ್ ಲಾರ್ಸನ್.

ಲಾರ್ಸನ್ ಹುಟ್ಟಿದ್ದು 1892ರಲ್ಲಿ, ಕೆನಡಾದ ನೋವಾ ಸ್ಕೋಶಿಯಾದಲ್ಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಶರೀರಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಅವರು ಕೆಲಸಕ್ಕೆ ಸೇರಿದ್ದು ಬರ್ಕ್ಲಿಯ ಪೊಲೀಸ್ ಪಡೆಗೆ! ಹೊಡೆದು ಬಡಿದು ತಪ್ಪೊಪ್ಪಿಸುವುದು ಅಮೆರಿಕದ ಠಾಣೆಗಳಲ್ಲೂ ಸಾಮಾನ್ಯವಾಗಿದ್ದ ಕಾಲ ಅದು. ಬರ್ಕ್ಲಿಯ ಪೊಲೀಸ್ ಮುಖ್ಯಸ್ಥ ಆಗಸ್ಟ್ ವಾಲ್ಮರ್ ಅವರಿಗೆ ಲಾಠಿಯ ಬದಲು ವಿಜ್ಞಾನ ಬೇಕಿತ್ತು. ಅವರ ಪ್ರೋತ್ಸಾಹದಿಂದ 1921ರಲ್ಲಿ ಲಾರ್ಸನ್ ತಮ್ಮ ಯಂತ್ರವನ್ನು ಕಟ್ಟಿದರು. ತೋಳಿಗೆ ರಕ್ತದೊತ್ತಡದ ಪಟ್ಟಿ, ಎದೆಗೆ ಉಸಿರಾಟ ಅಳೆಯುವ ರಬ್ಬರ್ ಕೊಳವೆ. ಪ್ರಶ್ನೆ ಕೇಳುತ್ತಿದ್ದಂತೆ ಎರಡರ ಏರಿಳಿತವೂ ಮಸಿ ಹಿಡಿಸಿದ ಕಾಗದದ ಮೇಲೆ ಗೆರೆಗಳಾಗಿ ಮೂಡುತ್ತಿದ್ದವು.

ಅದೇ ವರ್ಷ ವಿದ್ಯಾರ್ಥಿನಿಯರ ಹಾಸ್ಟೆಲ್ಲಿನ ಕಳ್ಳತನವೊಂದರಲ್ಲಿ ಗೆರೆ ಒಬ್ಬಳತ್ತ ಬೊಟ್ಟು ಮಾಡಿತು, ಆಕೆ ತಪ್ಪೊಪ್ಪಿಕೊಂಡಳು. ಲಾರ್ಸನ್ ಹೆಸರಾದರು. ಆಗ ಪರೀಕ್ಷೆಗೆ ಕುಳಿತಿದ್ದ ಇನ್ನೊಬ್ಬ ವಿದ್ಯಾರ್ಥಿನಿ ಮಾರ್ಗರೆಟ್ ಟೇಲರ್ ಮುಂದೆ ಅವರ ಕೈ ಹಿಡಿದರು.

ಆದರೆ ಲಾರ್ಸನ್ನರನ್ನು ಸಂಶಯ ಕಾಡತೊಡಗಿತು. ಯಂತ್ರ ಅಳೆಯುವುದು ಸುಳ್ಳನ್ನಲ್ಲ, ಎದೆಬಡಿತ ಏರಿದ್ದನ್ನು, ಉಸಿರು ಬದಲಾದದ್ದನ್ನು. ಏರಿದ್ದು ತಪ್ಪಿನ ಅಳುಕಿಗೋ, ಪೊಲೀಸರ ಭಯಕ್ಕೋ, ಅವಮಾನದ ಸಿಟ್ಟಿಗೋ? ಗೆರೆ ಹೇಳದು. ಅರ್ಥ ಹಚ್ಚುವವನು ಎದುರು ಕುಳಿತ ಮನುಷ್ಯ. ನಿರಪರಾಧಿಯೂ ನಡುಗಬಹುದು, ಪಳಗಿದ ಕಳ್ಳ ನಿಶ್ಚಿಂತನಾಗಿರಬಹುದು. ಲಾರ್ಸನ್ ವೈದ್ಯವಿದ್ಯೆ ಓದಿ ಮನೋವೈದ್ಯರಾದರು. 1932ರಲ್ಲಿ ಸುಳ್ಳಿನ ಪತ್ತೆಯ ಬಗ್ಗೆ ದೊಡ್ಡ ಗ್ರಂಥ ಬರೆದರು. ಅಷ್ಟರಲ್ಲಿ ಅವರ ಕಿರಿಯ ಸಹೋದ್ಯೋಗಿ ಲಿಯೊನಾರ್ಡ್ ಕೀಲರ್ ಯಂತ್ರವನ್ನು ಸುಧಾರಿಸಿ ವ್ಯಾಪಾರಕ್ಕೆ ಇಳಿಸಿದ್ದರು. ಬ್ಯಾಂಕು, ಅಂಗಡಿಗಳು ನೌಕರರನ್ನೂ ಅದರ ಮುಂದೆ ಕೂರಿಸಿದವು. ತಾವೇ ಎಬ್ಬಿಸಿದ ಭೂತದ ಜೊತೆ ಹೋರಾಡುತ್ತಲೇ ಲಾರ್ಸನ್ 1965ರಲ್ಲಿ ತೀರಿಕೊಂಡರು.

ಅವರ ಸಂಶಯ ವ್ಯರ್ಥವಾಗಲಿಲ್ಲ. 1988ರಲ್ಲಿ ಅಮೆರಿಕದ ಕಾನೂನು ಖಾಸಗಿ ಕಂಪನಿಗಳ ಇಂಥ ಪರೀಕ್ಷೆಗಳನ್ನು ಬಹುಮಟ್ಟಿಗೆ ತಡೆಯಿತು. ನಮ್ಮ ನಾಡಿನ ಹೆಸರೂ ಈ ಕಥೆಯಲ್ಲಿದೆ: ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಮೊಕದ್ದಮೆಯಲ್ಲಿ, ಒಪ್ಪಿಗೆಯಿಲ್ಲದೆ ಯಾರನ್ನೂ ಈ ಪರೀಕ್ಷೆಗೆ ಒಳಪಡಿಸಕೂಡದೆಂದು ಭಾರತದ ಸುಪ್ರೀಂ ಕೋರ್ಟ್ 2010ರಲ್ಲಿ ತೀರ್ಪಿತ್ತಿತು.

ಮಕ್ಕಳು ತಡವರಿಸಿದೊಡನೆ ಸುಳ್ಳೆಂದು ತೀರ್ಮಾನಿಸುವ ನಾವೂ ಲಾರ್ಸನ್ನರನ್ನು ಒಮ್ಮೆ ನೆನೆಯೋಣ. ಹೆದರಿದ ಮಗುವೂ ಹೆಗಲು ಮುಟ್ಟಿಕೊಳ್ಳುತ್ತದೆ.