ನಡುದಾರಿಯ ದುರಸ್ತಿಗಾರ್ತಿ ಬರ್ತಾ ಬೆಂಜ್

ಕಾರು ನಡುದಾರಿಯಲ್ಲಿ ನಿಂತರೆ ಇಂದು ನಾವು ಮೊದಲು ಹುಡುಕುವುದು ಮೊಬೈಲ್ ಫೋನನ್ನು. ಬಾನೆಟ್ ಎತ್ತಿ ನೋಡುವವರು ವಿರಳ. ಆದರೆ ಮೋಟಾರು ಕಾರಿನ ಇತಿಹಾಸದಲ್ಲಿ ಮೊದಲ ದೂರ ಪ್ರಯಾಣ ಕೈಗೊಂಡ ವ್ಯಕ್ತಿಗೆ ಇಂಥ ಆಯ್ಕೆಯೇ ಇರಲಿಲ್ಲ. ಅಂದು ಮೆಕ್ಯಾನಿಕ್ ಇರಲಿಲ್ಲ, ಗ್ಯಾರೇಜ್ ಇರಲಿಲ್ಲ, ಪೆಟ್ರೋಲ್ ಬಂಕ್ ಎಂಬ ಕಲ್ಪನೆಯೂ ಇರಲಿಲ್ಲ. ಕೆಟ್ಟದ್ದನ್ನು ಅಲ್ಲಿಯೇ, ಆಗಲೇ, ತಾನೇ ಸರಿಪಡಿಸಿಕೊಂಡು ಮುಂದೆ ಸಾಗಿದ ಆ ವ್ಯಕ್ತಿ ಒಬ್ಬ ಗೃಹಿಣಿ. ಹೆಸರು ಬರ್ತಾ ಬೆಂಜ್.

ಜರ್ಮನಿಯ ಫೋರ್ಟ್ಸ್‌ಹೈಮ್ ಪಟ್ಟಣದ ಸ್ಥಿತಿವಂತ ಕುಟುಂಬವೊಂದರಲ್ಲಿ 1849ರ ಮೇ 3ರಂದು ಬರ್ತಾ ಜನಿಸಿದಳು. ಯಂತ್ರಗಳ ಬಗ್ಗೆ ಆಕೆಗೆ ಎಳವೆಯಿಂದಲೇ ಕುತೂಹಲ. ಕೈಯಲ್ಲಿ ಕಾಸಿಲ್ಲದ, ಕುದುರೆಯಿಲ್ಲದೆ ಓಡುವ ಗಾಡಿಯ ಕನಸು ಹೊತ್ತಿದ್ದ ಎಂಜಿನಿಯರ್ ಕಾರ್ಲ್ ಬೆಂಜ್‌ನನ್ನು ಆಕೆ ಮೆಚ್ಚಿದಳು. 1872ರಲ್ಲಿ ನಡೆದ ಮದುವೆಗೆ ಮುನ್ನವೇ ತನ್ನ ವರದಕ್ಷಿಣೆಯ ಹಣವನ್ನು ತಂದೆಯಿಂದ ಪಡೆದು, ಮನ್‌ಹೈಮ್‌ನಲ್ಲಿದ್ದ ಕಾರ್ಲ್‌ನ ಕಾರ್ಯಾಗಾರವನ್ನು ಉಳಿಸಲು ವಿನಿಯೋಗಿಸಿದಳು. ಕಾರ್ಲ್‌ನ ಪಾಲುದಾರನನ್ನು ವ್ಯವಹಾರದಿಂದ ಬಿಡಿಸಲು ನೆರವಾದದ್ದು ಆ ಹಣವೇ. ಮುಂದಿನ ದಿನಗಳು ಸಾಲ, ಸೋಲು ಮತ್ತು ಪ್ರಯೋಗಗಳ ದಿನಗಳಾಗಿದ್ದವು.

1886ರ ಜನವರಿ 29ರಂದು ಮೂರು ಚಕ್ರಗಳ ಮೋಟಾರು ವಾಹನಕ್ಕೆ ಪೇಟೆಂಟ್ ಅರ್ಜಿ ಸಲ್ಲಿಕೆಯಾಯಿತು. ಅದರಲ್ಲಿ ಬರ್ತಾಳ ಹೆಸರಿರಲಿಲ್ಲ. ಪೇಟೆಂಟ್ ದೊರೆತರೂ ಕೊಳ್ಳುವವರು ಮುಂದೆ ಬರಲಿಲ್ಲ. ಊರೊಳಗೆ ಅಷ್ಟಿಷ್ಟು ಸುತ್ತಿ ನಿಲ್ಲುವ, ಸದ್ದು ಮಾಡುವ ಯಂತ್ರವನ್ನು ಜನ ನಂಬಬೇಕಾದರೂ ಹೇಗೆ? ಕಾರ್ಲ್ ಸ್ವಭಾವತಃ ಎಚ್ಚರಿಕೆಯ ಮನುಷ್ಯ. ಇನ್ನಷ್ಟು ಸುಧಾರಿಸುತ್ತ ಕುಳಿತುಕೊಳ್ಳುವವನು. ಯಂತ್ರ ಕಾರ್ಯಾಗಾರದಿಂದ ಹೊರಬಂದು ದೂರದ ಹಾದಿ ತುಳಿಯದೆ ಅದಕ್ಕೆ ಭವಿಷ್ಯವಿಲ್ಲ ಎಂಬುದನ್ನು ಮನಗಂಡವಳು ಬರ್ತಾ.

1888ರ ಆಗಸ್ಟ್‌ನ ಒಂದು ಮುಂಜಾನೆ, ಗಂಡನಿಗೆ ಸುಳಿವು ಕೊಡದೆ, 15 ವರ್ಷದ ಯೂಜೆನ್ ಮತ್ತು 13 ವರ್ಷದ ರಿಚರ್ಡ್ ಎಂಬ ಇಬ್ಬರು ಮಕ್ಕಳೊಡನೆ ಆಕೆ ತವರೂರಿಗೆ ಹೊರಟಳು. ಆಗ ಆಕೆಗೆ 39 ವರ್ಷ. ದೂರ ನೂರು ಕಿಲೋಮೀಟರ್‌ಗೂ ತುಸು ಹೆಚ್ಚು. ರಸ್ತೆಗಳು ಕುದುರೆ ಗಾಡಿಗಳಿಗೆಂದು ಇದ್ದವು.

ಈ ಪ್ರಯಾಣದಲ್ಲಿ ಎದುರಾದ ತೊಂದರೆಗಳ ಪಟ್ಟಿ ಇಂದಿನ ಯಾವುದೇ ಕಾರು ಕೈಪಿಡಿಗೂ ಪಾಠವಾಗಬಲ್ಲದು. ಇಂಧನ ಹರಿಯುವ ನಳಿಗೆ ಕಟ್ಟಿಕೊಂಡಾಗ ಬರ್ತಾ ತನ್ನ ಟೋಪಿಗೆ ಸಿಕ್ಕಿಸಿದ್ದ ಉದ್ದನೆಯ ಪಿನ್ನಿನಿಂದ ಅದನ್ನು ಬಿಡಿಸಿದಳು. ಕಿಡಿ ಹೊತ್ತಿಸುವ ತಂತಿಯ ಹೊದಿಕೆ ಸವೆದಾಗ ಕಾಲುಚೀಲ ಬಿಗಿಯುವ ಪಟ್ಟಿಯನ್ನೇ ಸುತ್ತಿ ವಿದ್ಯುತ್ ಸೋರದಂತೆ ತಡೆದಳು. ಎಂಜಿನ್ ತಂಪಾಗಿಸುವ ನೀರು ಆವಿಯಾಗಿ ಹೋಗುತ್ತಿದ್ದುದರಿಂದ ಸಿಕ್ಕ ಬಾವಿ, ತೊರೆಗಳ ನೀರನ್ನು ಮತ್ತೆ ಮತ್ತೆ ತುಂಬಬೇಕಾಯಿತು. ವೀಸ್ಲೋಖ್ ಪಟ್ಟಣದ ಔಷಧದ ಅಂಗಡಿಯಲ್ಲಿ, ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಎಂಬ ದ್ರಾವಣವನ್ನು ಇಂಧನವಾಗಿ ಕೊಂಡಳು. ಆ ಅಂಗಡಿ ಇಂದು ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಎಂಬ ಖ್ಯಾತಿ ಪಡೆದಿದೆ.

ಎಲ್ಲವನ್ನೂ ತಾನೇ ಮಾಡುತ್ತೇನೆಂಬ ಹಟ ಆಕೆಗಿರಲಿಲ್ಲ ಎಂಬುದು ಗಮನಾರ್ಹ. ಚೈನು ಸಡಿಲಗೊಂಡಾಗ ಕಮ್ಮಾರನ ನೆರವು ಪಡೆದಳು. ಮರದ ಬ್ರೇಕು ಸವೆದಾಗ ಬೌಷ್‌ಲೋಟ್ ಎಂಬ ಹಳ್ಳಿಯಲ್ಲಿ ಪಾದರಕ್ಷೆ ಹೊಲಿಯುವವನಿಂದ ಅದಕ್ಕೆ ಚರ್ಮದ ಹೊದಿಕೆ ಹಾಕಿಸಿದಳು. ಬ್ರೇಕ್ ಲೈನಿಂಗ್ ಎಂದು ಇಂದು ಕರೆಯುವ ವಸ್ತುವಿನ ಆರಂಭವನ್ನು ಇಲ್ಲಿಯೇ ಗುರುತಿಸಲಾಗುತ್ತದೆ. ಏರು ಬಂದಾಗ ಎಂಜಿನ್ ಸೋಲುತ್ತಿತ್ತು, ಗಾಡಿಯನ್ನು ತಳ್ಳಬೇಕಾಗುತ್ತಿತ್ತು. ಸಂಜೆ ಊರು ಮುಟ್ಟಿ ಗಂಡನಿಗೆ ತಂತಿ ಕಳುಹಿಸಿದ ಬರ್ತಾ, ಕೆಲವು ದಿನಗಳ ಬಳಿಕ ಅದೇ ಗಾಡಿಯಲ್ಲಿ ಮನೆಗೆ ಮರಳಿದಳು. ದಾರಿಯ ಅನುಭವದ ಫಲವಾಗಿ ಏರು ಹತ್ತಲು ಇನ್ನೊಂದು ಗೇರ್ ಸೇರ್ಪಡೆಯಾಯಿತು. ತುರ್ತು ದುರಸ್ತಿ ಹೀಗೆ ವಿನ್ಯಾಸದ ತಿದ್ದುಪಡಿಯಾಗಿ ಬೆಳೆಯಿತು.

ಅದೇ ವರ್ಷ ಮ್ಯೂನಿಕ್ ಪ್ರದರ್ಶನದಲ್ಲಿ ಬೆಂಜ್ ಕಾರಿಗೆ ಚಿನ್ನದ ಪದಕ ಸಂದಿತು. ಶತಮಾನ ಮುಗಿಯುವ ವೇಳೆಗೆ ಬೆಂಜ್ ಕಂಪನಿ ಜಗತ್ತಿನ ಅತಿ ದೊಡ್ಡ ಕಾರು ತಯಾರಕನಾಗಿತ್ತು. 1926ರಲ್ಲಿ ಅದು ಡೈಮ್ಲರ್ ಜೊತೆ ವಿಲೀನಗೊಂಡಿತು. ಕಾರ್ಲ್ 1929ರಲ್ಲಿ ತೀರಿಕೊಂಡ. ಬರ್ತಾಳ 95ನೇ ಹುಟ್ಟುಹಬ್ಬದಂದು ಕಾರ್ಲ್ಸ್‌ರೂಹೆಯ ತಾಂತ್ರಿಕ ವಿಶ್ವವಿದ್ಯಾಲಯ ಆಕೆಗೆ ಗೌರವ ಸೆನೆಟರ್ ಪದವಿ ನೀಡಿತು. ಎರಡು ದಿನಗಳ ನಂತರ, 1944ರ ಮೇ 5ರಂದು, ಲಾಡೆನ್‌ಬುರ್ಗ್‌ನಲ್ಲಿ ಆಕೆ ಕೊನೆಯುಸಿರೆಳೆದಳು. ಆಕೆ ಸಾಗಿದ ಹಾದಿ 2008ರಲ್ಲಿ ಸ್ಮಾರಕ ಮಾರ್ಗವೆಂದು ಘೋಷಿತವಾಯಿತು.

ಇಂದಿನ ಕಾರಿನ ದೋಷವನ್ನು ಟೋಪಿ ಪಿನ್ನು ಸರಿಪಡಿಸಲಾರದು. ಏರ್‌ಬ್ಯಾಗ್, ಬ್ರೇಕಿನ ಒತ್ತಡದ ವ್ಯವಸ್ಥೆ, ವಿದ್ಯುತ್ ಕಾರಿನ ಬ್ಯಾಟರಿಗಳ ತಂಟೆಗೆ ಸಾಮಾನ್ಯರು ಹೋಗದಿರುವುದೇ ಕ್ಷೇಮ. ಆದರೆ ಸುಟ್ಟುಹೋದ ಫ್ಯೂಸ್ ಬದಲಿಸುವುದು, ಬ್ಯಾಟರಿ ಟರ್ಮಿನಲ್‌ನ ಕಿಲುಬು ಒರೆಸುವುದು, ಸ್ಟೆಪ್ನಿ ಹಾಕುವುದು ಕಾರುಳ್ಳ ಯಾರಿಗೂ ಅಸಾಧ್ಯವಲ್ಲ. ಅದಕ್ಕಿಂತ ಮುಖ್ಯ ಪ್ರಶ್ನೆ ಇನ್ನೊಂದಿದೆ. ಬಿಡಿಭಾಗ ಮತ್ತು ತಾಂತ್ರಿಕ ಮಾಹಿತಿ ತಯಾರಕರ ಅಧಿಕೃತ ಕೇಂದ್ರಗಳಾಚೆ ಸಿಗದಿದ್ದರೆ, ಹಣ ಕೊಟ್ಟು ಕೊಂಡ ವಸ್ತುವಿನ ಮೇಲೆ ಒಡೆಯನಿಗಿರುವ ಅಧಿಕಾರ ಎಷ್ಟು? ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಕುರಿತು ಸಮಿತಿ ರಚಿಸಿದಾಗ ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿದ್ದು ಈ ಕಾರಣಕ್ಕೇ. ಬರ್ತಾ ಬೆಂಜ್ ಗುರಿ ಮುಟ್ಟಿದ್ದು ಧೈರ್ಯವೊಂದರಿಂದಲೇ ಅಲ್ಲ. ಗಾಡಿಯ ಒಳಗು ಆಕೆಗೆ ತಿಳಿದಿತ್ತು. ಅದನ್ನು ಬಿಚ್ಚಿ ನೋಡಲು ಯಾರ ಅಡ್ಡಿಯೂ ಇರಲಿಲ್ಲ.